ಬಿಸ್ಕತ್ ಪೊಟ್ಟಣಕ್ಕಿರುವ ಕಾಯಿದೆ ಮುಟ್ಟಿನ ಪ್ಯಾಡಿಗೆ ಏಕಿಲ್ಲ?

ಸಂಜೆ ಆರೂವರೆ ಹೊತ್ತಿನಲ್ಲಿ ಬಸ್ ಸ್ಟ್ಯಾಂಡಿನ ಎದುರಿಗಿರುವ ಯಾವ ಮೆಡಿಕಲ್ ಸ್ಟೋರಿನ ಮುಂದೆಯಾದರೂ ಹತ್ತು ನಿಮಿಷ ನಿಲ್ಲಿ. ಈ ನಾಟಕ ಪುಕ್ಕಟೆಯಾಗಿ ನೋಡಲು ಸಿಗುತ್ತದೆ.

ಕಾಲೇಜು ಹುಡುಗಿಯೊಬ್ಬಳು ಬರುತ್ತಾಳೆ. ಕೌಂಟರಿನಲ್ಲಿ ನಾಲ್ಕು ಜನ ಗಂಡಸರು ನಿಂತಿದ್ದಾರೆ. ಹುಡುಗಿ ಪಕ್ಕಕ್ಕೆ ಸರಿದು ಮೊಬೈಲ್ ನೋಡುತ್ತಾ ನಿಲ್ಲುತ್ತಾಳೆ. ಕೆಮ್ಮಿನ ಔಷಧಿಯವರು ಹೋಗಲಿ, ಶುಗರ್ ಮಾತ್ರೆಯವರು ಹೋಗಲಿ. ಎಲ್ಲರೂ ಹೋದ ಮೇಲೆ ‘ಅಣ್ಣಾ, ಅದೊಂದು ಕೊಡಿ’ ಅನ್ನುತ್ತಾಳೆ. ಯಾವುದು ಅಂತ ಅಂಗಡಿಯವರು ಕೇಳುವುದಿಲ್ಲ. ‘ದೊಡ್ಡದಾ, ಚಿಕ್ಕದಾ?’ ಅಷ್ಟೇ. ಹಳೇ ಪೇಪರಿನಲ್ಲಿ ಸುತ್ತಿ (ಬಹುಶಃ ಇದೇ ಪತ್ರಿಕೆಯ ನಿನ್ನೆಯ ಸಂಚಿಕೆ!) ಅದರ ಮೇಲೊಂದು ಕರಿ ಕವರ್ ಹಾಕಿ ಕೈಗೆ ಕೊಡುತ್ತಾರೆ. ಪ್ಲಾಸ್ಟಿಕ್ ಕವರುಗಳನ್ನು 2016ರಲ್ಲೇ ರಾಜ್ಯ ಸರಕಾರ ನಿಷೇಧಿಸಿತು. ಆದರೂ ಈ ಒಂದು ವ್ಯಾಪಾರಕ್ಕೆ ಕರಿ ಕವರು ಎಲ್ಲಿಂದಲೋ ಬಂದೇ ಬರುತ್ತದೆ.

ಇಷ್ಟು ಗುಟ್ಟಾಗಿ ಕೈ ಬದಲಾಗುವ ಪೊಟ್ಟಣದ ಮೇಲೆ ಏನು ಬರೆದಿದೆ ಅಂತ ತಿರುಗಿಸಿ ಓದುವವರು ಯಾರು? ಕೊಡುವವರು ಓದುವುದಿಲ್ಲ, ಕೊಳ್ಳುವವರಿಗೆ ಓದಲು ಪುರುಸೊತ್ತಿಲ್ಲ. ಓದಿದರೂ ಸಿಗುವುದು ಕಂಪನಿಯ ಹೆಸರು ವಿಳಾಸ, ಎಷ್ಟು ಪ್ಯಾಡು, ಎಷ್ಟು ರೂಪಾಯಿ, ತಯಾರಾದ ತಿಂಗಳು, ದೂರು ಹೇಳುವ ಫೋನ್ ನಂಬರು. ಇದು 2011ರ ಪೊಟ್ಟಣ ಸರಕು ನಿಯಮಗಳು ಕಡ್ಡಾಯ ಮಾಡಿರುವ ಮಾಹಿತಿ. ತೂಕ ಅಳತೆ ಇಲಾಖೆಯವರು ಬಂದಾಗ ನೋಡುವುದೂ ಇದನ್ನೇ. ಬೆಲೆ ಅಚ್ಚಾಗಿಲ್ಲದಿದ್ದರೆ ಕೇಸು. ಒಳಗೇನಿದೆ ಎಂದು ಅಚ್ಚಾಗಿಲ್ಲದಿದ್ದರೆ? ಅದಕ್ಕೆ ಕೇಸಿಲ್ಲ!

ಅದೇ ಅಂಗಡಿಯ ಇನ್ನೊಂದು ಕಪಾಟಿಗೆ ಬನ್ನಿ. ಐದು ರೂಪಾಯಿ ಬಿಸ್ಕತ್ತಿನ ಪೊಟ್ಟಣದ ಬೆನ್ನ ಮೇಲೆ ಮೈದಾ, ಸಕ್ಕರೆ, ತಾಳೆ ಎಣ್ಣೆ ಅಂತ ಹೆಚ್ಚಿಗೆ ಇರುವುದರಿಂದ ಕಡಿಮೆ ಇರುವುದರವರೆಗೆ ಸಾಲಾಗಿ ಬರೆದಿದೆ. ಸೋಪಿನ ಮೇಲಿದೆ, ಶಾಂಪೂ ಮೇಲಿದೆ. ಹಸುವಿಗೆ ಹಾಕುವ ಹಿಂಡಿ ಚೀಲದ ಮೇಲೂ ಪ್ರೊಟೀನ್ ಎಷ್ಟು, ನಾರು ಎಷ್ಟು ಅಂತ ಇರುತ್ತದೆ. ಹನ್ನೆರಡು ಹದಿಮೂರನೇ ವಯಸ್ಸಿನಿಂದ ಐವತ್ತರವರೆಗೆ, ತಿಂಗಳಿಗೆ ನಾಲ್ಕೈದು ದಿನ, ಮೈಯಲ್ಲೇ ಅತಿ ಸೂಕ್ಷ್ಮವಾದ ಜಾಗಕ್ಕೆ ಅಂಟಿಕೊಂಡು ಇರುವ ವಸ್ತುವಿಗೆ ಮಾತ್ರ ಈ ಕಟ್ಟುಪಾಡಿಲ್ಲ. ಕೆಲವು ಕಂಪನಿಗಳು ತಾವಾಗಿಯೇ ಒಂದಷ್ಟು ಬರೆಯುತ್ತವೆ. ಆದರೆ ಅದು ಅವರ ದೊಡ್ಡಸ್ತಿಕೆ, ಕಾಯಿದೆಗೆ ಹೆದರಿ ಬರೆದದ್ದಲ್ಲ.

ಹತ್ತಿ ಅಂದುಕೊಂಡರೆ...

ಪ್ಯಾಡಿನ ಒಳಗಿರುವುದು ಹತ್ತಿ ಅಂತ ಬಹಳ ಜನ ನಂಬಿದ್ದಾರೆ. ಬಿಳಿಯಾಗಿದೆ, ಮೆತ್ತಗಿದೆ, ಇನ್ನೇನು? ಆದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಪ್ಯಾಡಿನ ಒಳಗಿನ ಬಿಳಿ ನಾರು ಬಹುಮಟ್ಟಿಗೆ ಮರದ ತಿರುಳು, ಕಾಗದ ಮಾಡುವ ಜಾತಿಯದು. ಮೈಗೆ ತಾಗುವ ಮೇಲ್ಪದರ ಪ್ಲಾಸ್ಟಿಕ್ ನೂಲಿನ ಬಟ್ಟೆ ಅಥವಾ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಹಾಳೆ. ಕೆಳಗಿನ ಪದರ ಸೋರದ ಹಾಗೆ ತಡೆಯುವ ಪಾಲಿಥೀನ್. ಒಳಉಡುಪಿಗೆ ಅಂಟಿಸುವುದಕ್ಕೆ ಗೋಂದು. ‘ಅಲ್ಟ್ರಾ’ ಅಂತ ತೆಳ್ಳಗೆ ಬರುತ್ತದಲ್ಲ, ಅದರಲ್ಲಿ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳು ಪುಡಿ ಇರುತ್ತದೆ. ಅಂಥ ಒಂದು ಪ್ಯಾಡನ್ನು ಕತ್ತರಿಸಿ ನೀರು ಹಾಕಿದರೆ ಪುಡಿಯೆಲ್ಲ ನೆನೆಸಿದ ಸಬ್ಬಕ್ಕಿಯ ಹಾಗೆ ಉಬ್ಬಿ ಲೋಳೆಯಾಗುವುದನ್ನು ಮನೆಯಲ್ಲೇ ನೋಡಬಹುದು. ಮಲ್ಲಿಗೆಯೋ ಗುಲಾಬಿಯೋ ಪರಿಮಳ ಬೇಕೆಂದರೆ ಅದಕ್ಕೆ ಬೇರೆ ರಾಸಾಯನಿಕ.

ಇದೆಲ್ಲ ವಿಷ ಅಂತ ಹೇಳುತ್ತಿಲ್ಲ. ಲೋಕದಲ್ಲಿ ಕೋಟಿಗಟ್ಟಲೆ ಹೆಂಗಸರು ಬಳಸುತ್ತಿದ್ದಾರೆ, ಬಹುಪಾಲು ಜನಕ್ಕೆ ಏನೂ ಆಗಿಲ್ಲ. ಆದರೆ ಕೆಲವರಿಗೆ ತುರಿಕೆ ಬರುತ್ತದೆ, ತೊಡೆಯ ಸಂದು ಉರಿಯುತ್ತದೆ, ಗುಳ್ಳೆ ಏಳುತ್ತದೆ. ಗೋಂದಿನಿಂದಲೋ? ಪರಿಮಳದಿಂದಲೋ? ಮೇಲಿನ ಪ್ಲಾಸ್ಟಿಕ್ಕಿನಿಂದಲೋ? ಚರ್ಮದ ಡಾಕ್ಟರು ‘ಏನು ಬಳಸುತ್ತೀಯಮ್ಮಾ?’ ಅಂದರೆ ಕಂಪನಿ ಹೆಸರು ಹೇಳಬಹುದು, ಅಷ್ಟೇ. ಒಳಗಿರುವ ವಸ್ತುಗಳ ಹೆಸರು ಡಾಕ್ಟರಿಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ. ಮುಂದಿನ ತಿಂಗಳು ಬೇರೆ ಕಂಪನಿಯದು ಕೊಂಡು ನೋಡುವುದೇ ಮದ್ದು. ಅದರಲ್ಲೂ ಅದೇ ಗೋಂದು ಇದ್ದರೆ ಮತ್ತದೇ ಉರಿ.

ಅಮೆರಿಕಾದಲ್ಲಿ ಹೆಣ ಬಿದ್ದ ಮೇಲೆ

ಒಳಗಿರುವುದನ್ನು ಹೊರಗೆ ಬರೆಯಿರಿ ಎಂಬ ಕೂಗು ಅಮೆರಿಕಾದಲ್ಲಿ ಎದ್ದದ್ದು ಸುಮ್ಮನೆ ಅಲ್ಲ. ಅಲ್ಲಿ ಪ್ಯಾಡಿನಷ್ಟೇ ಬಳಕೆಯಲ್ಲಿರುವುದು ಟ್ಯಾಂಪನ್. ದೇಹದ ಒಳಗೇ ಇಟ್ಟುಕೊಳ್ಳುವ ದಪ್ಪ ಬತ್ತಿಯಂಥ ವಸ್ತು ಅದು. 1970ರ ದಶಕದ ಕೊನೆಯಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ‘ರಿಲೈ’ ಎಂಬ ಹೊಸ ಟ್ಯಾಂಪನ್ ತಂದಿತು. ಬೇರೆಯವರದಕ್ಕಿಂತ ಎಷ್ಟೋ ಪಾಲು ಹೆಚ್ಚು ಹೀರುತ್ತದೆ ಎಂಬುದೇ ಅದರ ಜಾಹೀರಾತು. ಮಾದರಿ ಪೊಟ್ಟಣಗಳನ್ನು ಮನೆಮನೆಗೆ ಪುಕ್ಕಟೆ ಹಂಚಿತು. ಒಳಗಿದ್ದದ್ದು ಹತ್ತಿಯಲ್ಲ. ಪಾಲಿಯೆಸ್ಟರ್ ಸ್ಪಂಜಿನ ಚೂರುಗಳು, ಜೊತೆಗೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ನೀರು ಹೀರುವ ವಸ್ತು.

1980ರಲ್ಲಿ ಗಟ್ಟಿಮುಟ್ಟಾಗಿದ್ದ ಹುಡುಗಿಯರು ಮುಟ್ಟಿನ ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ ಬಂದು ಬೀಳತೊಡಗಿದರು. ವಾಂತಿ, ಭೇದಿ, ಮೈಯೆಲ್ಲ ಬಿಸಿಲಿಗೆ ಸುಟ್ಟ ಹಾಗೆ ಕೆಂಪು, ಬಿ.ಪಿ. ಪಾತಾಳಕ್ಕೆ. ಎರಡು ವರ್ಷದ ಹಿಂದೆ, 1978ರಲ್ಲಿ, ಡೆನ್ವರ್‌ನ ಮಕ್ಕಳ ಡಾಕ್ಟರ್ ಜೇಮ್ಸ್ ಟಾಡ್ ಇಂಥದೇ ಕಾಯಿಲೆಗೆ ‘ಟಾಕ್ಸಿಕ್ ಶಾಕ್ ಸಿಂಡ್ರೋಮ್’ ಎಂದು ಹೆಸರಿಟ್ಟಿದ್ದರು. ಸ್ಟಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಉಗುಳುವ ವಿಷವೇ ಇದಕ್ಕೆ ಮೂಲ. ಆ ಬ್ಯಾಕ್ಟೀರಿಯಾ ಬೆಳೆಯುವುದಕ್ಕೆ ಅತಿಯಾಗಿ ಹೀರುವ ಟ್ಯಾಂಪನ್ ಹದವಾದ ಮಡಿಯಾಗಿಬಿಟ್ಟಿತ್ತು. ಆ ಒಂದೇ ವರ್ಷ ಮುಟ್ಟಿಗೆ ಸಂಬಂಧಿಸಿದ 813 ಪ್ರಕರಣ ವರದಿಯಾದವು, 38 ಜನ ಸತ್ತರು. ಸರಕಾರಿ ರೋಗ ತಡೆ ಕೇಂದ್ರದವರು ಲೆಕ್ಕ ಹಾಕಿದಾಗ ಬೆರಳು ಹೆಚ್ಚಾಗಿ ರಿಲೈ ಕಡೆಗೇ ತೋರಿತು. 1980ರ ಸೆಪ್ಟೆಂಬರ್ 22ರಂದು ಕಂಪನಿ ಆ ಮಾಲನ್ನೇ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈ ಕಾಯಿಲೆ ಅಂಟಿಕೊಂಡಿದ್ದು ಟ್ಯಾಂಪನ್ನಿಗೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಮಾರುವ, ಹೊರಗೆ ಇಟ್ಟುಕೊಳ್ಳುವ ಪ್ಯಾಡಿಗೆ ಈ ಲೆಕ್ಕ ಹಾಕಿ ಯಾರೂ ಗಾಬರಿಯಾಗಬೇಕಿಲ್ಲ.

ಸಾವಿನ ಸುದ್ದಿ ಹಬ್ಬಿದ ಮೇಲೆ ಅಮೆರಿಕಾ ಸರಕಾರ 1982ರಲ್ಲಿ ಪೊಟ್ಟಣದ ಮೇಲೆ ಎಚ್ಚರಿಕೆ ಬರೆಯಿಸಿತು. ಆಗ ಇನ್ನೊಂದು ಮೋಜು ಹೊರಬಿತ್ತು. ಒಂದು ಕಂಪನಿಯ ‘ರೆಗ್ಯುಲರ್’ ಇನ್ನೊಂದು ಕಂಪನಿಯ ‘ಸೂಪರ್’ಗಿಂತ ಹೆಚ್ಚು ಹೀರುತ್ತಿತ್ತು! ಕಡಿಮೆ ಹೀರುವುದನ್ನು ಕೊಳ್ಳಿ ಅಂತ ಎಚ್ಚರಿಕೆ ಬರೆದರೆ, ಕಡಿಮೆ ಯಾವುದು ಅಂತ ತಿಳಿಯುವುದು ಹೇಗೆ? ಸೇರು ಪಾವು ಊರಿಗೊಂದರಂತೆ ಇದ್ದ ಕಾಲದ ಸಂತೆಯ ಹಾಗಾಯಿತು. ಬಾಸ್ಟನ್ನಿನ ಮಹಿಳಾ ಆರೋಗ್ಯ ಪುಸ್ತಕ ಬಳಗದ ಎಸ್ತರ್ ರೋಮ್ ಮುಂತಾದವರು ಕಂಪನಿಯವರ ಜೊತೆ ಒಂದೇ ಮೇಜಿಗೆ ಕುಳಿತು ವರ್ಷಗಟ್ಟಲೆ ಜಗ್ಗಾಡಿದರು. 1990ರಿಂದ ಅಳತೆ ಎಲ್ಲರಿಗೂ ಒಂದೇ ಆಯಿತು: ರೆಗ್ಯುಲರ್ ಎಂದರೆ 6ರಿಂದ 9 ಗ್ರಾಂ, ಸೂಪರ್ ಎಂದರೆ 9ರಿಂದ 12 ಗ್ರಾಂ. ಒಳಗೆ ತುಂಬುವ ಮಾಲನ್ನೂ ಕಂಪನಿಗಳು ಬದಲಿಸಿದವು. 1997ರ ಹೊತ್ತಿಗೆ ಇಡೀ ಅಮೆರಿಕಾದಲ್ಲಿ ಖಚಿತವಾದ ಮುಟ್ಟಿನ ಪ್ರಕರಣಗಳು ಬರೇ ಐದು. ಪೊಟ್ಟಣದ ಮೇಲೆ ನಾಲ್ಕು ಸಾಲು ಬರೆದರೆ ಏನಾಗುತ್ತದೆ ಅನ್ನುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು.

ಅಷ್ಟಾದರೂ ಒಳಗೇನಿದೆ ಎಂಬ ಪಟ್ಟಿ ಮಾತ್ರ ಬರಲಿಲ್ಲ. ಕಾರಣ ಕೇಳಿದರೆ ನಗು ಬರುತ್ತದೆ. ಅಲ್ಲಿಯ ಕಾನೂನಿನಲ್ಲಿ ಲಿಪ್‌ಸ್ಟಿಕ್, ಶಾಂಪೂ ‘ಸೌಂದರ್ಯ ಸಾಮಗ್ರಿ’, ಅವಕ್ಕೆ ಪಟ್ಟಿ ಕಡ್ಡಾಯ. ಟ್ಯಾಂಪನ್ನು, ಪ್ಯಾಡು ‘ವೈದ್ಯಕೀಯ ಸಾಧನ’. ಅಂದರೆ ದರ್ಜೆ ದೊಡ್ಡದು, ಮರ್ಯಾದೆ ಹೆಚ್ಚು, ಆದ್ದರಿಂದ ಪಟ್ಟಿ ಬೇಡ! ತುಟಿಗೆ ಹಚ್ಚುವುದರಲ್ಲಿ ಏನಿದೆ ಅಂತ ಹೇಳಬೇಕು, ಒಡಲೊಳಗೆ ಇಡುವುದರಲ್ಲಿ ಏನಿದೆ ಅಂತ ಹೇಳಬೇಕಿಲ್ಲ.

1997ರಲ್ಲಿ ಸಂಸದೆ ಕೆರೊಲಿನ್ ಮೆಲೋನಿ ಟ್ಯಾಂಪನ್ ಸುರಕ್ಷತೆಯ ಸಂಶೋಧನೆಗಾಗಿ ವಾಷಿಂಗ್ಟನ್ನಿನಲ್ಲಿ ಮಸೂದೆ ಮಂಡಿಸಿದರು. ಮರುವರ್ಷ ರಾಬಿನ್ ಡೇನಿಯಲ್‌ಸನ್ ಎಂಬ ಮಹಿಳೆ ಇದೇ ಕಾಯಿಲೆಯಿಂದ ತೀರಿಕೊಂಡರು. ಮಸೂದೆಗೆ ಅವರ ಹೆಸರನ್ನೇ ಇಟ್ಟು ಮೆಲೋನಿ ಮತ್ತೆ ಮತ್ತೆ ಮಂಡಿಸಿದರು. ಒಮ್ಮೆಯೂ ಪಾಸಾಗಲಿಲ್ಲ. 2017ರಲ್ಲಿ ಗ್ರೇಸ್ ಮೆಂಗ್ ಎಂಬ ಇನ್ನೊಬ್ಬ ಸಂಸದೆ ಪಟ್ಟಿ ಕಡ್ಡಾಯ ಮಾಡುವ ಮಸೂದೆಯನ್ನೇ ತಂದರು. ಅದಕ್ಕೂ ಅದೇ ಗತಿ.

ದಿಲ್ಲಿ ಆಗದಿದ್ದರೆ ವಿಧಾನಸೌಧ

ರಾಷ್ಟ್ರದ ಸಂಸತ್ತು ಕೈಬಿಟ್ಟದ್ದನ್ನು ಅಲ್ಲಿಯ ರಾಜ್ಯಗಳು ಎತ್ತಿಕೊಂಡವು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ದಿಲ್ಲಿಯಲ್ಲಿ ಆಗದ್ದು ವಿಧಾನಸೌಧದಲ್ಲಿ ಆದ ಹಾಗೆ. ನ್ಯೂಯಾರ್ಕ್ ರಾಜ್ಯದ ಶಾಸಕಿಯರಾದ ಲಿಂಡಾ ರೋಸೆಂತಾಲ್ ಮತ್ತು ರಾಕ್ಸಾನ್ ಪರ್ಸೋಡ್ ತಂದ ಮಸೂದೆಗೆ 2019ರ ಅಕ್ಟೋಬರ್‌ನಲ್ಲಿ ಗವರ್ನರ್ ಆಂಡ್ರೂ ಕುವೊಮೊ ಸಹಿ ಹಾಕಿದರು. ಅಮೆರಿಕಾದಲ್ಲಿ ಇಂಥ ಕಾಯಿದೆ ಅದೇ ಮೊದಲು. ಪ್ಯಾಡು, ಟ್ಯಾಂಪನ್ನು, ಕಪ್ಪು ಯಾವುದೇ ಇರಲಿ, ರಾಜ್ಯದಲ್ಲಿ ಮಾರುವ ಪ್ರತಿ ಪೊಟ್ಟಣದ ಮೇಲೆ ಒಳಗಿರುವ ಎಲ್ಲ ವಸ್ತುಗಳ ಹೆಸರು, ಹೆಚ್ಚಿರುವುದು ಮೊದಲು ಕಡಿಮೆ ಇರುವುದು ಕೊನೆಗೆ ಎಂಬಂತೆ, ಕಣ್ಣಿಗೆ ಕಾಣುವ ಹಾಗೆ ಅಚ್ಚಾಗಬೇಕು. ತಪ್ಪಿದರೆ ದಂಡ ಬೀಳುವುದು ತಯಾರಿಸಿದವನ ಮೇಲೆ. ಅಂಗಡಿಯವರು ಇದನ್ನು ಗಮನಿಸಬೇಕು.

ಕ್ಯಾಲಿಫೋರ್ನಿಯಾ 2020ರಲ್ಲಿ ಅದೇ ದಾರಿ ಹಿಡಿಯಿತು. ಅಲ್ಲಿ ಕಾಯಿದೆ ಜಾರಿಯಾದದ್ದು 2023ರ ಜನವರಿ 1ರಿಂದ. ಪೊಟ್ಟಣದ ಮೇಲೂ ಬರೆಯಬೇಕು, ಕಂಪನಿಯ ವೆಬ್‌ಸೈಟಿನಲ್ಲೂ ಹಾಕಬೇಕು.

ಇಂಥ ಕಾಯಿದೆ ಬಂದಾಗೆಲ್ಲ ಕಂಪನಿಗಳ ಕಡೆಯಿಂದ ಒಂದು ವಾದ ಬರುತ್ತದೆ: ಪರಿಮಳದ ಸೂತ್ರ ವ್ಯಾಪಾರದ ಗುಟ್ಟು, ಬಿಟ್ಟುಕೊಟ್ಟರೆ ಪಕ್ಕದವನು ಕದಿಯುತ್ತಾನೆ. ಕ್ಯಾಲಿಫೋರ್ನಿಯಾ ಇದಕ್ಕೆ ಸ್ವಲ್ಪ ಮಣಿಯಿತು. ಗುಟ್ಟು ಕಾಪಾಡಿಕೊಳ್ಳಲು ಒಂದಿಷ್ಟು ಜಾಗ ಬಿಟ್ಟು, ಅಪಾಯದ ಪಟ್ಟಿಯಲ್ಲಿರುವ ರಾಸಾಯನಿಕವಾದರೆ ಹೆಸರು ಹೇಳಲೇಬೇಕು ಎಂದಿತು. ನಮ್ಮ ಊರಿನ ಸಾರಿನ ಪುಡಿ ವ್ಯಾಪಾರಿಗಳನ್ನು ಕೇಳಿದ್ದರೆ ಇಷ್ಟು ಚರ್ಚೆಯೇ ಬೇಕಿರಲಿಲ್ಲ. ಧನಿಯಾ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ ಅಂತ ಪೊಟ್ಟಣದ ಮೇಲೆ ಬರೆದೇ ಮಾರುತ್ತಾರೆ. ಎಷ್ಟೆಷ್ಟು ಹಾಕುತ್ತಾರೆ, ಹೇಗೆ ಹುರಿಯುತ್ತಾರೆ ಎಂಬುದು ಮನೆಯೊಳಗೇ ಉಳಿದಿದೆ. ಯಾರ ಅಂಗಡಿಯೂ ಮುಚ್ಚಿಲ್ಲ.

ಏಷ್ಯಾದಲ್ಲಿ ದಕ್ಷಿಣ ಕೊರಿಯಾ ಇನ್ನೂ ಬೇಗ ಓಡಿತು. 2017ರಲ್ಲಿ ಅಲ್ಲಿಯ ಮಹಿಳಾ ಪರಿಸರ ಸಂಘಟನೆಯೊಂದು ವಿಶ್ವವಿದ್ಯಾಲಯದಲ್ಲಿ ಪ್ಯಾಡುಗಳನ್ನು ಪರೀಕ್ಷೆ ಮಾಡಿಸಿದಾಗ ಆವಿಯಾಗುವ ರಾಸಾಯನಿಕಗಳು ಕಂಡುಬಂದವು. ಮುಟ್ಟು ಏರುಪೇರಾಗಿದೆ ಅಂತ ಸಾವಿರಾರು ಹೆಂಗಸರು ದೂರು ಕೊಟ್ಟರು. ಸರಕಾರ ಪರೀಕ್ಷೆ ನಡೆಸಿ ಅಪಾಯದ ಮಟ್ಟದಲ್ಲಿಲ್ಲ ಎಂದು ಹೇಳಿತು. ಹಾಗೆ ಹೇಳಿ ಸುಮ್ಮನೆ ಕೂರಲಿಲ್ಲ ಎನ್ನುವುದೇ ವಿಶೇಷ. 2018ರ ಅಕ್ಟೋಬರ್‌ನಿಂದ ಒಳಗಿರುವ ಎಲ್ಲ ವಸ್ತುಗಳನ್ನೂ ಬರೆಯುವುದು ಕಡ್ಡಾಯವಾಯಿತು. ಅಮೆರಿಕಾ ನಲವತ್ತು ವರ್ಷ ತೆಗೆದುಕೊಂಡದ್ದನ್ನು ಅವರು ಒಂದೂವರೆ ವರ್ಷದೊಳಗೆ ಮುಗಿಸಿದರು.

ಪಟ್ಟಿಗೂ ಸಿಗದ ಕಳ್ಳ

ಪಟ್ಟಿ ಬಂದುಬಿಟ್ಟರೆ ಎಲ್ಲ ಸರಿಹೋಯಿತು ಅಂತಲೂ ಅಲ್ಲ. 2024ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 14 ಬ್ರಾಂಡುಗಳ 30 ಟ್ಯಾಂಪನ್ನುಗಳಲ್ಲಿ 16 ಬಗೆಯ ಲೋಹಗಳನ್ನು ಹುಡುಕಿದರು. ಸೀಸ ಎಲ್ಲದರಲ್ಲೂ ಸಿಕ್ಕಿತು. ಅದು ಮೈಗೆ ಇಳಿಯುತ್ತದೋ ಇಲ್ಲವೋ ಎಂಬುದನ್ನು ಅವರು ಪರೀಕ್ಷಿಸಿರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಅಮೆರಿಕಾದ ಆಹಾರ ಔಷಧ ಇಲಾಖೆ ಆ ಬಗ್ಗೆ ತಾನೇ ಪರೀಕ್ಷೆಗೆ ಕೈ ಹಾಕುವುದಾಗಿ ಪ್ರಕಟಿಸಿತು. ಇಲ್ಲಿ ಪೇಚು ಏನೆಂದರೆ ಸೀಸವನ್ನು ಯಾರೂ ಬೇಕೆಂದು ಹಾಕುವುದಿಲ್ಲ. ಹತ್ತಿ ಬೆಳೆದ ಮಣ್ಣಿನಿಂದಲೋ, ನೀರಿನಿಂದಲೋ, ಕಾರ್ಖಾನೆಯಿಂದಲೋ ಬಂದು ಸೇರಿಕೊಂಡಿರುತ್ತದೆ. ಹಾಕಿದ್ದನ್ನು ಬರೆಯಿರಿ ಅಂದರೆ ತಾನಾಗಿ ಸೇರಿಕೊಂಡದ್ದು ಪಟ್ಟಿಯಲ್ಲಿ ಬರುವುದಿಲ್ಲ. ಅಕ್ಕಿ ಮೂಟೆಯ ಮೇಲೆ ಯಾರೂ ‘ಕಲ್ಲು’ ಅಂತ ಬರೆಯುವುದಿಲ್ಲವಲ್ಲ.

ಅದಕ್ಕೇ ಎರಡನೇ ಸುತ್ತಿನ ಕಾಯಿದೆಗಳು ಶುರುವಾಗಿವೆ. 2024ರಲ್ಲಿ ವರ್ಮಾಂಟ್ ರಾಜ್ಯ ಮುಟ್ಟಿನ ವಸ್ತುಗಳಲ್ಲಿ ಹಲವು ರಾಸಾಯನಿಕಗಳು ಇರಲೇಕೂಡದು ಎಂದು ಕಾಯಿದೆ ಮಾಡಿತು. ಸುಲಭಕ್ಕೆ ಕೊಳೆಯದ ‘ಪಿಫಾಸ್’ ಗುಂಪಿನ ರಾಸಾಯನಿಕಗಳನ್ನು ಬೇಕೆಂದು ಸೇರಿಸುವುದನ್ನು ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ನಿಷೇಧಿಸಿದೆ. ಮೊದಲು ಹೆಸರು ಬರೆಯಿಸಿದರು, ಹೆಸರು ನೋಡಿದ ಮೇಲೆ ಬೇಡ ಅಂದರು.

ಮೇಕೆಯ ರಕ್ತದ ಪರೀಕ್ಷೆ

ನಮ್ಮ ಕಡೆ ಏನಾಗಿದೆ? ಅಮೆರಿಕಾದಲ್ಲಿ ಸಾವುಗಳು ನಡೆದ ಅದೇ 1980ರಲ್ಲಿ, ಆಗ ಐ.ಎಸ್.ಐ. ಎನ್ನುತ್ತಿದ್ದ ದಿಲ್ಲಿಯ ಮಾನಕ ಸಂಸ್ಥೆ ಸ್ಯಾನಿಟರಿ ನ್ಯಾಪ್‌ಕಿನ್ನಿಗೆ ತನ್ನ ಐ.ಎಸ್. 5405 ಎಂಬ ಮಾನಕವನ್ನು ಪರಿಷ್ಕರಿಸಿತು. ಅದರಲ್ಲಿ ಒಂದು ಪರೀಕ್ಷೆ ಬಲು ಸ್ವಾರಸ್ಯ. ಬಣ್ಣದ ನೀರನ್ನೋ, ಹೆಪ್ಪುಗಟ್ಟದಂತೆ ಮಾಡಿದ ಕುರಿ ಅಥವಾ ಮೇಕೆಯ ರಕ್ತವನ್ನೋ ನಿಮಿಷಕ್ಕೆ 15 ಮಿಲಿಲೀಟರ್‌ನಂತೆ ಪ್ಯಾಡಿನ ನಡುವೆ ಬಿಡಬೇಕು. 30 ಮಿಲಿಲೀಟರ್ ಹೀರಬೇಕು, ತಳಕ್ಕೂ ಬದಿಗೂ ಸೋರಬಾರದು. ಅಂದರೆ ಚಿಂತೆಯೆಲ್ಲ ಸೋರುವುದರ ಬಗ್ಗೆ, ಕಲೆಯ ಬಗ್ಗೆ! ಮತ್ತೆ ಆ ಮಾನಕವನ್ನು ಪರಿಷ್ಕರಿಸಿದ್ದು 2019ರಲ್ಲಿ. 39 ವರ್ಷ! ಮಾನಕ ಸುಧಾರಿಸಿರಬಹುದು. ಆದರೆ ಒಳಗಿನ ಪ್ರತಿಯೊಂದು ವಸ್ತುವನ್ನೂ ಪೊಟ್ಟಣದ ಮೇಲೆ ಬರೆಯಲೇಬೇಕು ಎನ್ನುವ ನ್ಯೂಯಾರ್ಕ್ ಮಾದರಿ ಕಾಯಿದೆ ನಮ್ಮಲ್ಲಿ ಆಗಿಲ್ಲ.

2022ರ ನವೆಂಬರ್‌ನಲ್ಲಿ ದಿಲ್ಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಇಲ್ಲಿ ಮಾರಾಟವಾಗುವ 10 ಬಗೆಯ ಪ್ಯಾಡುಗಳನ್ನು ಪರೀಕ್ಷೆ ಮಾಡಿಸಿ ವರದಿ ಹೊರತಂದಿತು. ಪ್ಲಾಸ್ಟಿಕ್ಕನ್ನು ಮೆದು ಮಾಡುವ ಥಾಲೇಟ್‌ಗಳು, ಆವಿಯಾಗುವ ರಾಸಾಯನಿಕಗಳು ಸಿಕ್ಕವು. ‘ಆರ್ಗ್ಯಾನಿಕ್’ ಅಂತ ಹೆಚ್ಚು ದುಡ್ಡು ಕಿತ್ತುಕೊಂಡವೂ ಇದಕ್ಕೆ ಹೊರತಾಗಿರಲಿಲ್ಲ. ಇದರಿಂದ ಇಂಥವರಿಗೆ ಇಂಥ ಕಾಯಿಲೆ ಬಂತು ಎಂದು ಆ ವರದಿ ಸಾಬೀತು ಮಾಡಲಿಲ್ಲ. ಎರಡು ದಿನ ಪೇಪರುಗಳಲ್ಲಿ ಗದ್ದಲವಾಯಿತು, ಆಮೇಲೆ ತಣ್ಣಗಾಯಿತು.

ಪ್ಯಾಡಿನ ವಿಷಯದಲ್ಲಿ ನಮ್ಮ ಜನ ದನಿ ಎತ್ತೇ ಇಲ್ಲ ಅಂತ ಹೇಳಲಾಗದು. 2017ರಲ್ಲಿ 12 ಪರ್ಸೆಂಟ್ ಜಿ.ಎಸ್.ಟಿ. ಹಾಕಿದಾಗ ಸಿಂಧೂರಕ್ಕೆ ಇಲ್ಲದ ತೆರಿಗೆ ಇದಕ್ಕೇಕೆ ಅಂತ ದೇಶವೆಲ್ಲ ಕೇಳಿತು. ಮರುವರ್ಷ ಜುಲೈನಲ್ಲಿ ತೆರಿಗೆ ಹೋಯಿತು. ಬೆಲೆಯ ಬಗ್ಗೆ ಎದ್ದ ಈ ಕೂಗು ಒಳಗಿನ ಮಾಲಿನ ಬಗ್ಗೆ ಏಳಲಿಲ್ಲ, ಅಷ್ಟೇ.

ಏಳಬೇಕಾದ ಕಾಲ ಬಂದಿದೆ ಅನ್ನುವುದಕ್ಕೆ ಲೆಕ್ಕವೂ ಇದೆ. 15ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅಂಗಡಿ ಪ್ಯಾಡು ಬಳಸುವವರು 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 42 ಇದ್ದರು, 2019-21ರಲ್ಲಿ 64 ಆದರು. ಅಜ್ಜಿಯರ ಕಾಲದಲ್ಲಿ ಹಳೇ ಸೀರೆಯ ತುಂಡು. ಅದರ ತಾಪತ್ರಯಗಳು ನೂರಿದ್ದವು, ಆದರೆ ಅದು ಯಾವ ಸೀರೆ, ಎಷ್ಟು ಸಲ ಒಗೆದದ್ದು ಅಂತ ಅಜ್ಜಿಗೆ ಗೊತ್ತಿತ್ತು. ಮೊಮ್ಮಗಳಿಗೆ ಗೊತ್ತಿಲ್ಲ. ಅದರಲ್ಲೂ ಶುಚಿ ಯೋಜನೆಯಲ್ಲಿ ಸರಕಾರಿ ಶಾಲೆಯ ಹುಡುಗಿಯ ಕೈಗೆ ಬರುವ ಪ್ಯಾಡನ್ನು ಆಕೆ ಆರಿಸಿಕೊಂಡದ್ದೇ ಅಲ್ಲ. ಟೆಂಡರ್ ಆರಿಸಿದ್ದು. ಅಂಗಡಿಯಲ್ಲಾದರೆ ಇದು ಬೇಡ ಅದು ಕೊಡಿ ಅನ್ನಬಹುದು. ಕೊಟ್ಟದ್ದನ್ನು ತೆಗೆದುಕೊಳ್ಳುವವಳಿಗೆ ಆ ಪೊಟ್ಟಣದ ಮೇಲಿನ ನಾಲ್ಕು ಸಾಲು ಬಿಟ್ಟರೆ ಬೇರೆ ದಾರಿ ಏನಿದೆ? ಅದೂ ಕನ್ನಡದಲ್ಲಿ ಇರಬೇಕು.

ಕಾಯಿದೆ ಬರುವವರೆಗೆ ಮಾಡಬಹುದಾದದ್ದು ಸ್ವಲ್ಪವೇ. ತುರಿಕೆ ಬರುವವರು ಪರಿಮಳ ಇಲ್ಲದ್ದನ್ನು ಕೇಳಿ ಕೊಳ್ಳಬಹುದು, ಪೊಟ್ಟಣವನ್ನು ಎಸೆಯದೆ ಡಾಕ್ಟರ ಹತ್ತಿರ ಒಯ್ಯಬಹುದು. ಪೊಟ್ಟಣದ ಮೇಲಿರುವ ಫೋನ್ ನಂಬರು ಇರುವುದೇ ಕೇಳುವುದಕ್ಕೆ, ‘ಇದರಲ್ಲಿ ಏನೇನು ಹಾಕಿದ್ದೀರಿ?’ ಎಂದು ಕೇಳಬಹುದು. ಅಂಗಡಿಯವರ ಕೈಯಲ್ಲಿ ಇನ್ನೂ ಸುಲಭದ ದಾರಿ ಇದೆ. ವಾರಕ್ಕೊಮ್ಮೆ ಕಂಪನಿಯ ಸೇಲ್ಸ್‌ಮನ್ ಆರ್ಡರ್ ಬರೆದುಕೊಳ್ಳಲು ಬಂದೇ ಬರುತ್ತಾನೆ. ‘ಈ ಸಲ ಸ್ಕೀಮ್ ಏನಿದೆಯಪ್ಪಾ?’ ಅಂತ ಹೇಗೂ ಕೇಳುತ್ತಾರೆ. ಅದರ ಜೊತೆಗೇ ಪೊಟ್ಟಣ ತಿರುಗಿಸಿ ತೋರಿಸಿ ‘ಒಳಗೇನಿದೆ ಅಂತ ಇಲ್ಲಿ ಯಾಕೆ ಬರೆದಿಲ್ಲ?’ ಎಂದು ಕೇಳಲು ಖರ್ಚೇನೂ ಇಲ್ಲ.